ಗ್ರಾಮ ಪಂಚಾಯತಿಯ ಸಮಾನತಾ ಕರ್ತವ್ಯ: ನಿಂಬರ್ಗಾ ಮತ್ತು ಭೀಮಾ ಕಣಿವೆಯ ತಾಲೂಕುಗಳು

ಸಾರ್ವಜನಿಕ ಧನದಿಂದ ನಡೆಯತಕ್ಕ ಸಂಸ್ಥೆಯೊಂದು ತನ್ನ ವ್ಯಾಪ್ತಿಯೊಳಗಿನ ಜನರನ್ನು ಜಾತಿ, ಲಿಂಗ, ಮತ, ಭಾಷೆ, ಅಂಗವೈಕಲ್ಯ, ವಯಸ್ಸು ಮೊದಲಾದ ಕಾರಣಗಳಿಂದ ಬೇರ್ಪಡಿಸಿ ನೋಡಬಾರದೆಂಬ ನಿಷೇಧವನ್ನೂ, ಹಿಂದಿನಿಂದ ನಡೆದುಬಂದ ತಾರತಮ್ಯದ ಫಲವಾಗಿ ಕೆಳಗುಳಿದವರನ್ನು ಸಮಸ್ಥಿತಿಗೆ ತರುವ ಪ್ರಯತ್ನವನ್ನು ತಾನಾಗಿಯೇ ಕೈಕೊಳ್ಳಬೇಕೆಂಬ ವಿಧಿಯನ್ನೂ ಒಟ್ಟುಗೂಡಿಸಿ ಸಮಾನತಾ ಕರ್ತವ್ಯವೆಂದು ಕರೆಯುವುದು ವಾಡಿಕೆ. ನಿಷೇಧವನ್ನು ಪಾಲಿಸಲು ಕೈಕಟ್ಟಿ ಕುಳಿತರೂ ಸಾಕು; ವಿಧಿಯನ್ನು ಪಾಲಿಸಬೇಕಾದರೆ ಎದ್ದು ನಡೆಯಬೇಕು. ಈ ಭೇದವನ್ನು ಮನಗಾಣದೆ, ತಾನು ಯಾರಿಗೂ ಅನ್ಯಾಯವೆಸಗಿಲ್ಲವೆಂಬ ಸಮಾಧಾನದಲ್ಲಿಯೇ ಕರ್ತವ್ಯ ಮುಗಿಯಿತೆಂದು ಬಗೆಯುವ ಸಂಸ್ಥೆಗಳೇ ಲೋಕದಲ್ಲಿ ಹೆಚ್ಚು. ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಹೋಬಳಿ ಗ್ರಾಮವಾದ ನಿಂಬರ್ಗಾವನ್ನೂ, ಅದರೊಡನೆ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳ ಕರಿಮಣ್ಣಿನ ಸೀಮೆಯನ್ನೂ ನಿದರ್ಶನವಾಗಿಟ್ಟುಕೊಂಡು, ಪ್ರಜೆಗೆ ಅತ್ಯಂತ ಸಮೀಪದಲ್ಲಿರುವ ಸರಕಾರವಾದ ಗ್ರಾಮ ಪಂಚಾಯತಿಯು ಈ ಹೊಣೆಯನ್ನು ಯಾವ ಯಾವ ದಾರಿಗಳಿಂದ ನೆರವೇರಿಸಬೇಕಾಗಿದೆ ಎಂಬುದನ್ನು ಇಲ್ಲಿ ನಿರೂಪಿಸಲಾಗಿದೆ.

ಇಂಗ್ಲೆಂಡಿನಲ್ಲಿ 2010ರ ಸಮಾನತಾ ಅಧಿನಿಯಮದ 149ನೆಯ ಪ್ರಕರಣವು ಎಲ್ಲ ಸಾರ್ವಜನಿಕ ಸಂಸ್ಥೆಗಳ ಮೇಲೂ ಒಂದೇ ಮಾತಿನಲ್ಲಿ ಈ ಹೊಣೆಯನ್ನು ಹೊರಿಸಿತು. 2011ರ ಏಪ್ರಿಲ್‌ನಿಂದ ಜಾರಿಗೆ ಬಂದ ಆ ವಿಧಿಯಂತೆ, ಸಂಸ್ಥೆಯು ಯಾವುದೊಂದು ತೀರ್ಮಾನವನ್ನು ಕೈಕೊಳ್ಳುವಾಗಲೂ ತಾರತಮ್ಯವನ್ನು ನಿವಾರಿಸುವುದು, ಅವಕಾಶಗಳ ಸಮತ್ವವನ್ನು ವರ್ಧಿಸುವುದು, ಭಿನ್ನ ಸಮುದಾಯಗಳ ನಡುವೆ ಸೌಹಾರ್ದವನ್ನು ಬೆಳೆಸುವುದು ಎಂಬ ಮೂರು ಪ್ರಯೋಜನಗಳನ್ನು ಸಮುಚಿತವಾಗಿ ಗಮನದಲ್ಲಿಡತಕ್ಕದ್ದು. ಭಾರತದಲ್ಲಿ ಹೀಗೆ ಒಂದೇ ಕಡೆ ಅಡಕವಾದ ಶಾಸನವಿಲ್ಲ. ದೇಶದ ಮುಸ್ಲಿಮರ ಸ್ಥಿತಿಗತಿಯನ್ನು ಪರಿಶೀಲಿಸಿದ ಸಾಚಾರ್ ಸಮಿತಿಯ 2006ರ ವರದಿಯ ತರುವಾಯ, ಎನ್. ಆರ್. ಮಾಧವ ಮೆನನ್ನರ ಅಧ್ಯಕ್ಷತೆಯ ತಜ್ಞಮಂಡಲಿಯು 2008ರಲ್ಲಿ ಸಮಾನಾವಕಾಶ ಆಯೋಗವೊಂದನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತಾದರೂ ಆ ಸಲಹೆ ಕಾರ್ಯರೂಪಕ್ಕೆ ಬರಲಿಲ್ಲ. ಆದಕಾರಣ ನಮ್ಮಲ್ಲಿ ಈ ಕರ್ತವ್ಯವು ಸಂವಿಧಾನದ 14ರಿಂದ 17ರವರೆಗಿನ ಅನುಚ್ಛೇದಗಳಲ್ಲಿಯೂ, 46ನೆಯ ನಿರ್ದೇಶಕ ತತ್ತ್ವದಲ್ಲಿಯೂ, ಪಂಚಾಯತಿಗಳಿಗೆ ಸಂಬಂಧಿಸಿದ 243ಡಿ ಅನುಚ್ಛೇದದಲ್ಲಿಯೂ, ರಾಜ್ಯದ ಪಂಚಾಯತ್ ರಾಜ್ ಶಾಸನದಲ್ಲಿಯೂ, ಇನ್ನು ಹತ್ತಾರು ಅಧಿನಿಯಮಗಳಲ್ಲಿಯೂ, ಲೆಕ್ಕವಿಲ್ಲದಷ್ಟು ಸುತ್ತೋಲೆಗಳಲ್ಲಿಯೂ ಹರಡಿಕೊಂಡಿದೆ. ಇವೆಲ್ಲವೂ ಬಂದು ಕೂಡುವ ಜಾಗವೆಂದರೆ ಪಂಚಾಯತಿ ಕಚೇರಿಯ ಮೇಜು. ಅಲ್ಲಿ ಕುಳಿತಿರುವ ಒಬ್ಬ ಅಭಿವೃದ್ಧಿ ಅಧಿಕಾರಿ, ಒಬ್ಬ ಕರ ವಸೂಲಿಗಾರ, ಒಬ್ಬ ವಾಟರ್‌ಮನ್ ಇವರ ದಿನನಿತ್ಯದ ನಡವಳಿಕೆಯಲ್ಲಿಯೇ ಸಂವಿಧಾನದ ಮಾತು ನಿಜವಾಗುವುದು ಅಥವಾ ಹುಸಿಯಾಗುವುದು.

ಈ ಸೀಮೆಯ ಪೂರ್ವವೃತ್ತಾಂತವನ್ನು ತಿಳಿಯದೆ ಇಲ್ಲಿಯ ಪಂಚಾಯತಿಯ ಹೊಣೆ ಎಷ್ಟು ಭಾರವಾದುದೆಂಬುದು ಅರ್ಥವಾಗಲಾರದು. 1948ರ ಸೆಪ್ಟೆಂಬರ್‌ವರೆಗೆ ಈ ಮೂರು ತಾಲೂಕುಗಳೂ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಊರಿನ ಆಡಳಿತವೆಂಬುದು ಮಾಲಿಪಾಟೀಲ, ಪೊಲೀಸ್‌ಪಾಟೀಲ, ಕುಲಕರ್ಣಿ ಎಂಬ ವತನದಾರರ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ನೆಲೆಸಿದ್ದಿತು. ದಫ್ತರದ ಭಾಷೆ ಉರ್ದುವಾಗಿದ್ದು, ಕನ್ನಡದ ರೈತನಿಗೆ ತನ್ನ ಹೊಲದ ಕಾಗದವೇ ಓದಲಾರದ ವಸ್ತುವಾಗಿದ್ದಿತು. ಸಾಲಕ್ಕಾಗಿ ದುಡಿಮೆಯನ್ನೇ ಒತ್ತೆಯಿಡುವ ಭಗೇಲಾ ಕರಾರುಗಳನ್ನು ನಿಯಂತ್ರಿಸಲು ಸಂಸ್ಥಾನದ ಸರಕಾರವೇ 1943ರಲ್ಲಿ ಒಂದು ನಿಬಂಧನೆಯನ್ನು ಹೊರಡಿಸಬೇಕಾಗಿ ಬಂದಿತೆಂಬುದು ಆ ಕಾಲದ ಸ್ಥಿತಿಯನ್ನು ಸಾಕಷ್ಟು ತಿಳಿಸುತ್ತದೆ. 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು, ಈಗ ಕಲಬುರಗಿಯೆನಿಸಿರುವ ಗುಲಬರ್ಗಾ ಜಿಲ್ಲೆ ಕನ್ನಡ ನಾಡಿನೊಡನೆ ಕೂಡಿಕೊಂಡಿತು. ಗ್ರಾಮಾಧಿಕಾರಗಳ ರದ್ದಿಯಾತಿಯ 1961ರ ಅಧಿನಿಯಮವು 1963ರಲ್ಲಿ ಜಾರಿಗೆ ಬಂದು, ಪಾಟೀಲಕಿ ಕುಲಕರ್ಣಿಕೆಗಳು ಅಡ್ಡಹೆಸರುಗಳಾಗಿ ಮಾತ್ರ ಉಳಿದವು. ಆದರೆ ಅಧಿಕಾರ ಕಳೆದುಹೋದರೂ ವಾಡೆಯ ನೆರಳು ಅಷ್ಟು ಬೇಗ ಸರಿಯುವುದಿಲ್ಲ. ಊರ ಅಗಸಿಯ ಒಳಗೆ ಯಾರ ಓಣಿ, ಹೊರಗೆ ಯಾರ ಕೇರಿ ಎಂಬ ವಿನ್ಯಾಸವನ್ನು ಯಾವ ಕಾಯಿದೆಯೂ ಒಂದೇ ಏಟಿಗೆ ಅಳಿಸಲಾರದು.

ಡಾ. ಅಂಬೇಡ್ಕರರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಕರಡನ್ನು ಮಂಡಿಸುವಾಗ, ಗ್ರಾಮವನ್ನು ರಾಜ್ಯದ ಮೂಲಘಟಕವನ್ನಾಗಿ ಮಾಡಬೇಕೆಂಬ ವಾದವನ್ನು ತೀಕ್ಷ್ಣವಾಗಿ ನಿರಾಕರಿಸಿದ್ದು ಇಂತಹ ಊರುಗಳನ್ನು ಕಣ್ಣಾರೆ ಕಂಡಿದ್ದ ಅನುಭವದಿಂದಲೇ. ಜಾತಿಯ ಕಟ್ಟಿಗೆ ಸಿಕ್ಕಿದ ಊರಿಗೆ ಅಧಿಕಾರವನ್ನು ಕೊಟ್ಟರೆ ಅದು ಬಲ್ಲಿದರ ಕೈಯ ದಂಡವಾದೀತೆಂಬ ಅವರ ಶಂಕೆಯೂ, ಊರೇ ತನ್ನನ್ನು ತಾನು ಆಳಿಕೊಳ್ಳಬೇಕೆಂಬ ಗಾಂಧೀಜಿಯವರ ಆಶಯವೂ ಎದುರುಬದುರಾಗಿ ನಿಂತಾಗ, ಸಭೆಯು 40ನೆಯ ಅನುಚ್ಛೇದವನ್ನು ನಿರ್ದೇಶಕ ತತ್ತ್ವವಾಗಿ ಸೇರಿಸಿ ಆ ಪ್ರಶ್ನೆಯನ್ನು ಮುಂದಿನವರಿಗೆ ಬಿಟ್ಟಿತು. ಈ ಲೇಖಕನ ಬಗೆಯಲ್ಲಿ, ಪಂಚಾಯತಿಗಳ ಸಮಾನತಾ ಕರ್ತವ್ಯದ ಇತಿಹಾಸವೆಲ್ಲವೂ ಆ ಶಂಕೆಗೆ ಕೊಡಲು ತೊಡಗಿದ ಉತ್ತರವೇ ಆಗಿದೆ. ಉತ್ತರ ಇನ್ನೂ ಪೂರ್ತಿಯಾಗಿಲ್ಲ.

1959ರ ಮೈಸೂರು ಗ್ರಾಮ ಪಂಚಾಯತಿಗಳು ಮತ್ತು ಸ್ಥಳೀಯ ಮಂಡಲಿಗಳ ಅಧಿನಿಯಮವು ಗ್ರಾಮ ಪಂಚಾಯತಿ, ತಾಲೂಕು ಮಂಡಲಿ, ಜಿಲ್ಲಾ ಅಭಿವೃದ್ಧಿ ಪರಿಷತ್ತುಗಳೆಂಬ ಮೂರು ಮೆಟ್ಟಿಲುಗಳನ್ನು ಕಟ್ಟಿತು. ಅದಕ್ಕಿಂತ ಮಿಗಿಲಾದ ಹೆಜ್ಜೆಯನ್ನಿಟ್ಟದ್ದು ಅಬ್ದುಲ್ ನಜೀರ್ ಸಾಬರ ಮಂತ್ರಿತ್ವದಲ್ಲಿ ರೂಪುಗೊಂಡ 1983ರ ಶಾಸನ; 1987ರ ಜನವರಿಯಲ್ಲಿ ಅದರಂತೆ ನಡೆದ ಮಂಡಲ ಪಂಚಾಯತಿ ಚುನಾವಣೆಗಳಲ್ಲಿ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ದೇಶಕ್ಕೆಲ್ಲ ಅನ್ವಯಿಸಿದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬರುವುದಕ್ಕೆ ಆರು ವರ್ಷ ಮೊದಲೇ ಕನ್ನಡ ನಾಡು ಇದನ್ನು ಮಾಡಿ ತೋರಿಸಿತ್ತೆಂಬುದನ್ನು ಹೆಮ್ಮೆಯಿಂದ ಹೇಳಬಹುದು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಂತೆ, 400 ಜನಕ್ಕೊಬ್ಬ ಸದಸ್ಯನ ಪ್ರಮಾಣದಲ್ಲಿ ರಚಿತವಾಗುವ ಗ್ರಾಮ ಪಂಚಾಯತಿಯಲ್ಲಿ ಅನುಸೂಚಿತ ಜಾತಿ ಪಂಗಡಗಳಿಗೆ ಅವರ ಜನಸಂಖ್ಯೆಗನುಸಾರವಾಗಿಯೂ, ಹಿಂದುಳಿದ ವರ್ಗಗಳಿಗೆ ಸುಮಾರು ಮೂರರಲ್ಲೊಂದು ಪಾಲಾಗಿಯೂ, ಹೆಂಗಸರಿಗೆ ಮೊದಲು ಮೂರನೆಯ ಒಂದಂಶವಾಗಿಯೂ ಸ್ಥಾನಗಳನ್ನು ಕಾಯ್ದಿರಿಸಲಾಯಿತು. 2010ರ ತಿದ್ದುಪಡಿ ಹೆಂಗಸರ ಪಾಲನ್ನು ಅರ್ಧಕ್ಕೇರಿಸಿತು. ಅಧ್ಯಕ್ಷ ಉಪಾಧ್ಯಕ್ಷ ಪದವಿಗಳೂ ಸರದಿಯಂತೆ ಮೀಸಲಾಗುತ್ತವೆ. 2011ರ ಗಣತಿಯಂತೆ ಕಲಬುರಗಿ ಜಿಲ್ಲೆಯಲ್ಲಿ ಅನುಸೂಚಿತ ಜಾತಿಯವರು ಜನಸಂಖ್ಯೆಯ ಕಾಲುಭಾಗದಷ್ಟಿರುವುದರಿಂದ, ಈ ಸೀಮೆಯ ಪಂಚಾಯತಿಗಳಲ್ಲಿ ಅವರ ಸದಸ್ಯತ್ವವು ನಾಮಮಾತ್ರದ್ದಲ್ಲ.

ಆದರೂ ಕುರ್ಚಿ ದೊರೆತೊಡನೆ ಮಾತೂ ದೊರೆಯುವುದೆಂದು ತಿಳಿಯಲಾಗದು. 2011ರಲ್ಲಿ ಈ ಜಿಲ್ಲೆಯ ಹೆಂಗಸರ ಸಾಕ್ಷರತೆ ಶೇಕಡಾ 55ರ ಆಸುಪಾಸಿನಲ್ಲಿದ್ದಿತು. ಠರಾವಿನ ಪುಸ್ತಕದಲ್ಲಿ ಬರೆದದ್ದನ್ನು ತಾನೇ ಓದಲಾರದ ಸದಸ್ಯೆ, ಓದಿ ಹೇಳಿದವನ ಮಾತನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಅಧ್ಯಕ್ಷೆಯ ಗಂಡನೋ ಮೈದುನನೋ ಕಚೇರಿಗೆ ಬಂದು ಅವಳ ಬದಲು ಮಾತಾಡುವ ಪದ್ಧತಿ ರಾಜ್ಯದ ಎಲ್ಲ ಕಡೆಯೂ ಕಂಡುಬಂದುದರಿಂದಲೇ ಅದನ್ನು ನಿಷೇಧಿಸಿ ಸರಕಾರವು ಆಜ್ಞೆಗಳನ್ನು ಹೊರಡಿಸಬೇಕಾಯಿತು. ಇಲ್ಲಿ ಸಂಸ್ಥೆ ಮಾಡಬಹುದಾದ ಕೆಲಸ ಸಣ್ಣದು, ಫಲ ದೊಡ್ಡದು: ಪ್ರತಿಯೊಂದು ಠರಾವನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದುವುದು, ಸದಸ್ಯೆಯ ಪ್ರಶ್ನೆಯನ್ನು ಅವಳ ಹೆಸರಿನಲ್ಲಿಯೇ ದಾಖಲಿಸುವುದು, ಸದಸ್ಯರಲ್ಲದವರಿಗೆ ಸಭೆಯ ಕೋಣೆಯಲ್ಲಿ ಆಸನವನ್ನೇ ಹಾಕದಿರುವುದು. ಮೂವತ್ತು ತಿಂಗಳ ಅಧ್ಯಕ್ಷಾವಧಿಯಲ್ಲಿ ಮೊದಲ ವರ್ಷ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಳ್ಳುತ್ತಾ ಮೌನವಾಗಿ ಕುಳಿತ ಹೆಂಗಸರು, ಎರಡನೆಯ ವರ್ಷದಲ್ಲಿ ಕೊಳವೆಬಾವಿಯ ಲೆಕ್ಕವನ್ನು ನಿಲ್ಲಿಸಿ ಕೇಳುವಂತಾಗುವುದುಂಟು. ಮೀಸಲಾತಿಯನ್ನು ಹಗುರವಾಗಿ ಕಾಣುವವರು ಈ ಎರಡನೆಯ ವರ್ಷವನ್ನು ನೋಡಲು ತಾಳ್ಮೆಯಿಲ್ಲದವರು.

1993ರ ಶಾಸನದ 61ನೆಯ ಪ್ರಕರಣವು ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಇತರ ಸ್ಥಾಯಿ ಸಮಿತಿಗಳೊಡನೆ ಸಾಮಾಜಿಕ ನ್ಯಾಯ ಸಮಿತಿಯೊಂದು ಇರತಕ್ಕದ್ದೆಂದು ವಿಧಿಸುತ್ತದೆ. ಅದರಲ್ಲಿ ಒಬ್ಬ ಮಹಿಳೆಯೂ, ಅನುಸೂಚಿತ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯರೂ ಇರಲೇಬೇಕು. ಹೆಸರಿನಿಂದ ನೋಡಿದರೆ ಸಮಾನತಾ ಕರ್ತವ್ಯದ ಹೃದಯಸ್ಥಾನ ಇದೇ ಆಗಬೇಕಾಗಿತ್ತು. ವ್ಯವಹಾರದಲ್ಲಿ ಈ ಸಮಿತಿಗಳು ರಚಿತವಾಗಿಯೂ ಸೇರದೆ ಉಳಿಯುವುದೇ ಹೆಚ್ಚು.

ಗ್ರಾಮಸಭೆಯ ವಿಷಯದಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯ. ಮನೆ, ನಿವೇಶನ, ಶೌಚಾಲಯ, ಕೂಲಿಯ ಕಾಮಗಾರಿ ಇವುಗಳ ಫಲಾನುಭವಿಗಳನ್ನು ಆರಿಸುವ ಅಧಿಕಾರ ಅದರದ್ದೇ ಆಗಿರುವುದರಿಂದ, ಅಲ್ಲಿಗೆ ಬಾರದವನು ಪಟ್ಟಿಗೂ ಬಾರನು. ವಾರ್ಡ್‌ಸಭೆ, ಗ್ರಾಮಸಭೆಗಳೆರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್‌ಸಭೆಯಲ್ಲಿ ಮತದಾರರ ಹತ್ತನೆಯ ಒಂದು ಪಾಲು ಅಥವಾ 20 ಮಂದಿ, ಇವೆರಡರಲ್ಲಿ ಕಡಿಮೆಯಾದಷ್ಟಾದರೂ ಇರಬೇಕು. ಹಾಜರಾದವರಲ್ಲಿ ಶೇಕಡಾ 30ಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು. ಅನುಸೂಚಿತ ಜಾತಿ ಪಂಗಡದವರು ತಮ್ಮ ಜನಸಂಖ್ಯೆಯ ಪ್ರಮಾಣದಲ್ಲಿರಬೇಕು. ಸಂಖ್ಯೆಗಳನ್ನು ಶಾಸನ ಗೊತ್ತುಮಾಡಬಲ್ಲುದು. ಆದರೆ ಜಾಗವನ್ನೂ ವೇಳೆಯನ್ನೂ ಋತುವನ್ನೂ ಗೊತ್ತುಮಾಡುವವರು ಊರಿನವರು. ಸಭೆಯನ್ನು ಗುಡಿಯ ಕಟ್ಟೆಯ ಮೇಲೆ ಕರೆದರೆ, ಕಟ್ಟೆಯೇರುವ ವಾಡಿಕೆ ಇಲ್ಲದವರು ಕೆಳಗೆ ನಿಲ್ಲುತ್ತಾರೆ. ನಿಂತವನ ಮಾತಿಗೂ ಕುಳಿತವನ ಮಾತಿಗೂ ಊರಿನಲ್ಲಿ ಒಂದೇ ತೂಕವಿಲ್ಲ. ಶಾಲೆಯ ಅಂಗಳದಲ್ಲಿ ಒಂದೇ ಜಮಖಾನೆಯ ಮೇಲೆ ಎಲ್ಲರನ್ನೂ ಕುಳ್ಳಿರಿಸಿದರೆ ಅರ್ಧ ಕರ್ತವ್ಯ ಆಗಲೇ ನೆರವೇರಿದಂತೆ. ಮುಂಜಾನೆ ಹತ್ತಕ್ಕೆ ಸಭೆ ಕರೆದರೆ ಕೂಲಿಗೆ ಹೋದ ಹೆಂಗಸು ಬರಲಾರಳು. ತೊಗರಿಯ ರಾಶಿ ಮುಗಿದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಕಟ್ಟಡದ ಕೆಲಸಕ್ಕೆ ಪುಣೆ ಮುಂಬಯಿ ಹೈದರಾಬಾದುಗಳಿಗೂ ಗುಳೆ ಹೋಗುವ ಕುಟುಂಬಗಳು ಈ ಸೀಮೆಯಲ್ಲಿ ಬಹಳ. ಅವರು ಊರಿನಲ್ಲಿಲ್ಲದ ತಿಂಗಳುಗಳಲ್ಲಿ ಫಲಾನುಭವಿಗಳ ಪಟ್ಟಿಯನ್ನು ಮುಗಿಸಿಬಿಡುವ ಪಂಚಾಯತಿ, ಯಾವ ನಿಯಮವನ್ನೂ ಮುರಿಯದೆಯೇ, ಅತ್ಯಂತ ಬಡವರನ್ನು ಹೊರಗಿಟ್ಟಂತಾಗುತ್ತದೆ. ಸಭೆಯ ಸುದ್ದಿಯನ್ನು ಡಂಗುರ ಸಾರಿ ತಿಳಿಸುವ ಪದ್ಧತಿಯಲ್ಲಿಯೂ ಒಂದು ಮುಳ್ಳಿದೆ: ಹಲಗೆ ಬಾರಿಸುವ ಕೆಲಸವನ್ನು ಒಂದು ಜಾತಿಗೇ ಕಟ್ಟಿಹಾಕಿ, ಸಮಾನತೆಯ ಸಭೆಗೆ ಜನರನ್ನು ಕರೆಯುವುದು ಯೋಗ್ಯವಲ್ಲ. ಪಂಚಾಯತಿಯ ಕಸದ ವಾಹನಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಸಾರುವುದು ಈ ದೃಷ್ಟಿಯಿಂದ ಬರಿಯ ಅನುಕೂಲವಲ್ಲ, ಸುಧಾರಣೆ.

ನೀರು, ದಾರಿ, ಸ್ಮಶಾನ ಎಂಬ ಮೂರರಲ್ಲಿ ಊರಿನ ಮನಸ್ಸು ಬಯಲಾಗುತ್ತದೆ. ಸರಕಾರದ ಧನದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿ ಯಾರಿಗೂ ತಡೆಯಿರಕೂಡದೆಂದು 15ನೆಯ ಅನುಚ್ಛೇದದ ಎರಡನೆಯ ಖಂಡ ಸಾರುತ್ತದೆ; ಅಸ್ಪೃಶ್ಯತೆಯನ್ನು 17ನೆಯದು ನಿರ್ಮೂಲಗೊಳಿಸಿ, 1955ರ ಮತ್ತು 1989ರ ಅಧಿನಿಯಮಗಳು ಶಿಕ್ಷೆಯನ್ನು ವಿಧಿಸಿವೆ. ಸಾರ್ವಜನಿಕ ಬಾವಿಯ ಕಾಲ ಮುಗಿದು ಮನೆಮನೆಗೆ ನಳ ಬಂದುದರಿಂದ ಮುಟ್ಟು ಮೈಲಿಗೆಯ ಜಗಳ ಎಷ್ಟೋ ಕಡಿಮೆಯಾಯಿತು. ಅದರ ಬದಲು, ಟ್ಯಾಂಕಿನ ನೀರು ಮೊದಲು ಯಾವ ಓಣಿಗೆ, ಕಡೆಗೆ ಯಾವ ಕೇರಿಗೆ, ಬೇಸಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆ ಹುಟ್ಟಿತು. ವಾಲ್ವು ತಿರುಗಿಸುವವನ ಕೈಯಲ್ಲಿ ಈಗ ಹಳೆಯ ಬಾವಿಕಟ್ಟೆಯ ಅಧಿಕಾರವಿದೆ. ಯಾವ ಓಣಿಗೆ ಯಾವ ದಿನ ಎಷ್ಟು ಹೊತ್ತು ನೀರು ಎಂಬುದನ್ನು ಬರೆದು ಕಚೇರಿಯ ಗೋಡೆಗೆ ಹಚ್ಚುವುದೇ ಇದಕ್ಕೆ ಮದ್ದು. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಕಾಲಿಟ್ಟಿತೆಂದು ಹಿರಿಯರು ಆ ಕುಟುಂಬಕ್ಕೆ ದಂಡ ಹೇರಿದ ಪ್ರಕರಣವು ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಅದರ ಮರುವರ್ಷ ಸರಕಾರವು ಗ್ರಾಮ ಪಂಚಾಯತಿಗಳ ಮೂಲಕ ಅಸ್ಪೃಶ್ಯತಾ ನಿವಾರಣೆಯ ಜಾಗೃತಿಯನ್ನು ನಡೆಸಲು ವಿನಯ ಸಾಮರಸ್ಯ ಯೋಜನೆಯನ್ನು ತಂದಿತು. ಸ್ಮಶಾನಭೂಮಿಯಿಲ್ಲದ ಕೇರಿಗಳವರು ಹಳ್ಳದ ದಂಡೆಯಲ್ಲಿ ಹೆಣವಿಳಿಸಬೇಕಾಗಿ ಬರುವುದು ಇಂದಿಗೂ ಇಲ್ಲವಾಗಿಲ್ಲ. ಮಳೆಗಾಲದಲ್ಲಿ ಆ ದುಃಖ ಇಮ್ಮಡಿಯಾಗುತ್ತದೆ.

ಆಸ್ತಿಯ ಖಾತೆಯಲ್ಲಿ ಯಾರ ಹೆಸರಿದೆ ಎಂಬುದು ಮೇಲುನೋಟಕ್ಕೆ ಗುಮಾಸ್ತಿಕೆಯ ವಿಷಯವೆನಿಸಿದರೂ, ಸಮಾನತೆಯ ಬೇರು ಅಲ್ಲಿಯೇ ಇದೆ. ಇದೇ ಜಿಲ್ಲೆಯ ಮರ್ತೂರಿನವನೆಂದು ಪ್ರತೀತಿಯಿರುವ ವಿಜ್ಞಾನೇಶ್ವರನು, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದು, ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ಉತ್ತರಾಧಿಕಾರದ ನಿಯಮವನ್ನು ಕೊಟ್ಟನು. ಸ್ತ್ರೀಧನದ ಅರ್ಥವನ್ನು ಅವನು ವಿಶಾಲಗೊಳಿಸಿದ್ದನ್ನು ಮರೆಯಬಾರದು. ಆದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಆ ಪದ್ಧತಿಯಲ್ಲಿ ಗಂಡುಮಕ್ಕಳಿಗೆ ಮಾತ್ರ ಇದ್ದಿತು. ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಡುವ ರಾಜ್ಯದ ತಿದ್ದುಪಡಿ 1994ರಲ್ಲಿಯೂ, ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ 2005ರಲ್ಲಿಯೂ ಜಾರಿಗೆ ಬಂದವು. ವಿಜ್ಞಾನೇಶ್ವರನ ನಾಡಿನಲ್ಲಿಯೇ ಪಂಚಾಯತಿಯ ನಮೂನೆ 9, ನಮೂನೆ 11ರ ಉತಾರಗಳಲ್ಲಿ ಹೆಣ್ಣಿನ ಹೆಸರು ಏರುವುದು, ಎಂಟು ನೂರಕ್ಕೂ ಹೆಚ್ಚು ವರ್ಷಗಳ ವ್ಯವಸ್ಥೆಯೊಂದು ತಿರುಗಿ ಬರೆಯಲ್ಪಡುವ ಘಳಿಗೆಯೇ ಸರಿ. ಬಸವ ವಸತಿಯಂತಹ ಯೋಜನೆಗಳಲ್ಲಿ ಮನೆಯನ್ನು ಹೆಂಗಸಿನ ಹೆಸರಿಗೇ ಮಂಜೂರು ಮಾಡುವ ನಿಯಮವಿದೆ. ಗಂಡ ತೀರಿಕೊಂಡಾಗ ಖಾತೆಯ ವರ್ಗಾವಣೆಗೆ ಬಂದ ಹೆಂಗಸಿಗೆ, ಭಾವ ಮೈದುನರ ಒಪ್ಪಿಗೆ ತರಬೇಕೆಂದು ಹೇಳಿ ಕಳುಹಿಸದೆ, ವಿಧಿಬದ್ಧವಾದ ಕಾಗದಗಳನ್ನಷ್ಟೇ ಕೇಳಿ ಕೆಲಸ ಮುಗಿಸಿಕೊಡುವ ಗುಮಾಸ್ತನು ತನಗೆ ಅರಿವಿಲ್ಲದೆಯೇ ಶಾಸ್ತ್ರಕಾರನ ಕೆಲಸವನ್ನು ಮಾಡುತ್ತಿರುತ್ತಾನೆ.

ಲಂಬಾಣಿ ತಾಂಡಾಗಳ ಪ್ರಶ್ನೆ ಇದಕ್ಕೆ ಹತ್ತಿರದ್ದು. ತಾಂಡಾಕ್ಕೆ ತನ್ನದೇ ನಾಯಕ, ಕಾರಭಾರಿಗಳುಂಟು, ತನ್ನದೇ ಮಾತುಂಟು. ಆದರೆ ಕಂದಾಯದ ನಕ್ಷೆಯಲ್ಲಿ ಅದು ಬಹುಕಾಲ ಬೇರೆ ಊರಿನ ಸರ್ವೆ ನಂಬರಿನೊಳಗಿನ ಗುಡಿಸಲುಗಳ ಗುಂಪು ಮಾತ್ರವಾಗಿದ್ದಿತು. ನೆಲದ ಹಕ್ಕಿಲ್ಲದವನಿಗೆ ವಸತಿ ಯೋಜನೆಯೂ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ. ಇಂತಹ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸುವ ಕಾರ್ಯ ಭೂಸಂಬಂಧಿ ಶಾಸನಗಳ ತಿದ್ದುಪಡಿಗಳ ಬಲದಿಂದ ಮುಂದುವರಿದು, 2023ರ ಜನವರಿ 19ರಂದು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದಲ್ಲಿ, ಕಲಬುರಗಿಯೂ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳು ದೊರೆತವು. ಹಕ್ಕುಪತ್ರದ ತರುವಾಯದ ಕೆಲಸಗಳಾದ ಖಾತೆ, ಬೀದಿದೀಪ, ಚರಂಡಿ, ಅಂಗನವಾಡಿಗಳು ಪಂಚಾಯತಿಯ ಹೊಣೆ. ಮರಾಠಿ, ಉರ್ದು, ಲಂಬಾಣಿ ಮಾತುಗಳು ಕನ್ನಡದೊಡನೆ ಬೆರೆತಿರುವ ಈ ಗಡಿಸೀಮೆಯಲ್ಲಿ, ಸರಕಾರಿ ಕನ್ನಡದ ಸುತ್ತೋಲೆಯನ್ನು ತಾಂಡಾದ ಮುದುಕಿಗೆ ಅವಳ ಮಾತಿನಲ್ಲಿ ಬಿಡಿಸಿ ಹೇಳುವುದೂ ಈ ಕರ್ತವ್ಯದ ಒಂದು ಭಾಗವೇ.

ಕೂಲಿಯ ವಿಷಯದಲ್ಲಿ 2005ರ ಉದ್ಯೋಗ ಖಾತರಿ ಅಧಿನಿಯಮವು ತಂದ ಬದಲಾವಣೆ ಗಮನಾರ್ಹ. ಹೊಲದ ಕೆಲಸದಲ್ಲಿ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಎಂಬುದು ರೂಢಿಯಾಗಿದ್ದ ಕಡೆ, ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದನ್ನು ಅದು ಬದುವಿನ ಮೇಲೆ ಕಣ್ಣಿಗೆ ಕಾಣುವಂತೆ ಮಾಡಿತು. ಕೆಲಸಗಾರರಲ್ಲಿ ಮೂರನೆಯ ಒಂದು ಪಾಲಾದರೂ ಹೆಂಗಸರಿರಬೇಕೆಂದು ವಿಧಿಸಿತು. ಐದು ಅಥವಾ ಹೆಚ್ಚು ಎಳೆಯ ಮಕ್ಕಳು ಬಂದ ಕಡೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಲು ಹೇಳಿತು. ಕರ್ನಾಟಕದಲ್ಲಿ ವೃದ್ಧರಿಗೂ ವಿಕಲಚೇತನರಿಗೂ ಕೆಲಸದ ಅಳತೆಯಲ್ಲಿ ಅರ್ಧದಷ್ಟು ರಿಯಾಯಿತಿ ಕೊಟ್ಟು ಪೂರ್ಣ ಕೂಲಿಯನ್ನು ಕೊಡುವ ಪದ್ಧತಿ ಬಂದಿತು. ಗುಂಪಿನ ಮುಂದಾಳಾದ ‘ಕಾಯಕ ಬಂಧು’ ಎಂಬ ಹೆಸರೇ, ನೆರೆಯ ಬಸವಕಲ್ಯಾಣದಿಂದ ಹೊರಟು ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯನ್ನೆಲ್ಲ ವ್ಯಾಪಿಸಿದ ಶರಣರ ಚಳುವಳಿಯ ಸ್ಮರಣೆಯನ್ನು ತರುತ್ತದೆ.

ವಿಕಲಚೇತನರಿಗಾಗಿ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಬಹುಮಟ್ಟಿಗೆ ವಿಕಲಚೇತನರೇ. 2016ರ ಹಕ್ಕುಗಳ ಅಧಿನಿಯಮವು ವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿ, ಸಾರ್ವಜನಿಕ ಕಟ್ಟಡಗಳನ್ನೆಲ್ಲ ಅವರು ಸುಲಭವಾಗಿ ಪ್ರವೇಶಿಸುವಂತೆ ಮಾರ್ಪಡಿಸಬೇಕೆಂದು ವಿಧಿಸಿತು. ಇಳಿಜಾರು ಹಾದಿಗಳು ಅನೇಕ ಕಚೇರಿಗಳಿಗೆ ಬಂದಿವೆ. ಆದರೆ ತೀರ ಕಡಿದಾಗಿ ಕಟ್ಟಿದ ಇಳಿಜಾರಿನ ಮೇಲೆ ಮೂರುಗಾಲಿಯ ಸೈಕಲ್ಲು ಏರಲಾರದು.

ಊರಿನೊಳಗೆ ಓಣಿಗೂ ಕೇರಿಗೂ ನಡುವೆ ಇರುವಂತೆ ಪ್ರಾಂತಪ್ರಾಂತಗಳ ನಡುವೆಯೂ ಅಸಮಾನತೆಯಿದೆ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿದಾಗ ಆಳಂದ, ಅಫಜಲಪುರ, ಜೇವರ್ಗಿಗಳು ಆ ಕೊನೆಯ ಗುಂಪಿಗೇ ಸೇರಿದವು. ವೈಜನಾಥ ಪಾಟೀಲರಂತಹವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ಅನುಚ್ಛೇದ ಸೇರ್ಪಡೆಯಾಗಿ, 2013ರಿಂದ ಈ ಪ್ರಾಂತದ ಸ್ಥಳೀಯ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ವೃಂದಗಳಿಗೆ ಶೇಕಡಾ 75, ‘ಸಿ’ ವೃಂದಕ್ಕೆ 80, ‘ಡಿ’ ವೃಂದಕ್ಕೆ 85ರಷ್ಟು ಇಲ್ಲಿಯವರಿಗೆ ಮೀಸಲಾಯಿತು. ಇನ್ನು ಧನದ ಹಂಚಿಕೆಯಲ್ಲಿ, ಅನುಸೂಚಿತ ಜಾತಿ ಪಂಗಡಗಳ ಉಪಯೋಜನೆಗಳ 2013ರ ರಾಜ್ಯ ಅಧಿನಿಯಮವು ಅವರ ಜನಸಂಖ್ಯೆಯಾದ ಶೇಕಡಾ 24.1ಕ್ಕೆ ಸರಿಯಾಗಿ ಅಭಿವೃದ್ಧಿಯ ಹಣವನ್ನು ತೆಗೆದಿರಿಸುವುದನ್ನು ಕಡ್ಡಾಯ ಮಾಡಿತು. ಸಾರ್ವತ್ರಿಕವಾದ ಕಾಮಗಾರಿಯ ಖರ್ಚಿನ ಒಂದು ಪಾಲನ್ನೂ ಈ ಲೆಕ್ಕಕ್ಕೆ ತೋರಿಸಲು ಎಡೆಕೊಟ್ಟಿದ್ದ 7(ಡಿ) ಖಂಡವನ್ನು 2023ರಲ್ಲಿ ತೆಗೆದುಹಾಕಲಾಯಿತು. ಪಂಚಾಯತಿಯೂ ತನ್ನ ಸ್ವಂತ ವರಮಾನದ ಗೊತ್ತಾದ ಪಾಲುಗಳನ್ನು ಈ ಜನರಿಗೂ ವಿಕಲಚೇತನರಿಗೂ ವೆಚ್ಚ ಮಾಡತಕ್ಕದ್ದು. ಮನೆಪಟ್ಟಿ, ನೀರಿನ ಕರಗಳು ಸರಿಯಾಗಿ ವಸೂಲಾಗದ ಊರಿನಲ್ಲಿ ಆ ಪಾಲೂ ಬಡವಾಗುವುದರಿಂದ, ಕರ ಕೊಡಬಲ್ಲವನ ಬಾಕಿಯೂ ಸಮಾನತೆಯ ಪ್ರಶ್ನೆಯೇ ಆಗುತ್ತದೆ.

ಈ ಹೊಣೆ ನೆರವೇರಿತೇ ಇಲ್ಲವೇ ಎಂಬುದನ್ನು ಅಳೆಯಲು ಬೇರೆ ಯಂತ್ರ ಬೇಕಿಲ್ಲ. ನಮ್ಮ ಶಾಸನದಲ್ಲಿಯೇ ಜಮಾಬಂದಿ ಎಂಬ ಹಳೆಯ ಹೆಸರಿನ ಹೊಸ ಪದ್ಧತಿ ಇದೆ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯತಿಯ ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಊರ ಜನರ ಎದುರಿಗೆ ಪರಿಶೀಲಿಸತಕ್ಕದ್ದು. ನಿಜಾಮರ ಕಾಲದಲ್ಲಿ ಜಮಾಬಂದಿಯೆಂದರೆ ಸರಕಾರವು ರೈತನ ಲೆಕ್ಕವನ್ನು ಕೇಳುವ ದಿನವಾಗಿದ್ದಿತು; ಈಗ ರೈತನು ಸರಕಾರದ ಲೆಕ್ಕವನ್ನು ಕೇಳುವ ದಿನ. ಅಂದು ಓದಲ್ಪಡುವ ಪಟ್ಟಿಯಲ್ಲಿ ಎಷ್ಟು ಮನೆಗಳು ಯಾವ ಕೇರಿಗೆ ಹೋದವು, ಎಷ್ಟು ಖಾತೆಗಳು ಹೆಂಗಸರ ಹೆಸರಿಗೆ ಬಂದವು, ತಾಂಡಾದ ರಸ್ತೆಗೆ ಇಟ್ಟ ಹಣ ಎಲ್ಲಿ ಖರ್ಚಾಯಿತು ಎಂಬುದನ್ನು ಬೇರೆ ಬೇರೆಯಾಗಿ ಓದುವ ಪರಿಪಾಠವನ್ನು ಪಂಚಾಯತಿಗಳು ಇಟ್ಟುಕೊಂಡರೆ, ಇಂಗ್ಲೆಂಡಿನ ಸಂಸ್ಥೆಗಳು ವರ್ಷಕ್ಕೊಮ್ಮೆ ಪ್ರಕಟಿಸುವ ಸಮಾನತಾ ವಿವರಣೆಯು ಇಲ್ಲಿ ಶಾಲೆಯ ಅಂಗಳದಲ್ಲಿ, ಓದುಬಾರದವರ ಕಿವಿಗೂ ಬೀಳುವಂತೆ, ಬಾಯಿಮಾತಿನಲ್ಲಿ ನಡೆದಂತಾಗುತ್ತದೆ.